ಹಂಗಿಲ್ಲದ ಸಲಹೆಗಾಗಿ: ನೀತಿ ಆಯೋಗದ ಒಂದು ದಶಕ

ಯೋಜನಾ ಆಯೋಗ ಇದ್ದಷ್ಟು ಕಾಲ ರಾಜ್ಯಗಳ ಮುಖ್ಯಮಂತ್ರಿಗಳಿಗೆ ವರ್ಷಕ್ಕೊಂದು ದೆಹಲಿ ಪ್ರಯಾಣ ತಪ್ಪುತ್ತಿರಲಿಲ್ಲ. ಸಂಸದ್ ಮಾರ್ಗದ ಯೋಜನಾ ಭವನಕ್ಕೆ ಅಧಿಕಾರಿಗಳ ದಂಡಿನೊಂದಿಗೆ ಹೋಗಿ, ಆಯೋಗದ ಉಪಾಧ್ಯಕ್ಷರ ಎದುರು ಕುಳಿತು, ಆ ವರ್ಷದ ರಾಜ್ಯದ ಯೋಜನಾ ಗಾತ್ರಕ್ಕೆ ಒಪ್ಪಿಗೆ ಪಡೆದು ಬರಬೇಕಿತ್ತು. ಜನ ಆರಿಸಿ ಕಳುಹಿಸಿದ ಮುಖ್ಯಮಂತ್ರಿಯೊಬ್ಬರು ತಮ್ಮದೇ ರಾಜ್ಯದ ಲೆಕ್ಕವನ್ನು ದೆಹಲಿ ನೇಮಿಸಿದವರ ಮುಂದೆ ಒಪ್ಪಿಸುವ ಈ ಪದ್ಧತಿ ಹಲವರಿಗೆ ಹಿಡಿಸಿರಲಿಲ್ಲ. 2014ರ ಆಗಸ್ಟ್ 15ರಂದು ಪ್ರಧಾನಿ ನರೇಂದ್ರ ಮೋದಿ ಕೆಂಪುಕೋಟೆಯಿಂದ ಯೋಜನಾ ಆಯೋಗವನ್ನು ಮುಚ್ಚುವುದಾಗಿ ಹೇಳಿದಾಗ ಅದಕ್ಕಾಗಿ ಕಣ್ಣೀರು ಹಾಕಿದವರು ಕಡಿಮೆ. 2015ರ ಜನವರಿ 1ರಂದು ಸಂಪುಟದ ಒಂದು ನಿರ್ಣಯದಿಂದ ನೀತಿ ಆಯೋಗ ಹುಟ್ಟಿತು. ಹಣ ಹಂಚುವ ಕೆಲಸ ಅದಕ್ಕಿಲ್ಲ, ಸಲಹೆ ಕೊಡುವುದೇ ಅದರ ಕೆಲಸ ಎಂದರು. ಸರ್ಕಾರದ ಚಿಂತಕರ ಚಾವಡಿ ಎಂಬ ಬಿರುದೂ ಬಂತು.

ಹತ್ತು ವರ್ಷ ಕಳೆದ ಮೇಲೆ ಈಗ ಕೇಳಲೇಬೇಕಾದ ಪ್ರಶ್ನೆ ಇದು: ಕೈಯಲ್ಲಿ ಹಣವಿಲ್ಲದ, ಬೆನ್ನಿಗೆ ಕಾಯ್ದೆಯಿಲ್ಲದ, ಪ್ರಧಾನಿಯೇ ಅಧ್ಯಕ್ಷರಾಗಿರುವ ಸಂಸ್ಥೆಯೊಂದು ಅದೇ ಸರ್ಕಾರಕ್ಕೆ ‘ಇಲ್ಲಿ ತಪ್ಪಾಗುತ್ತಿದೆ’ ಎಂದು ಹೇಳಬಲ್ಲುದೇ? ಹೇಳಲಾಗದಿದ್ದರೆ ಅದನ್ನು ಸಲಹಾ ಸಂಸ್ಥೆ ಎಂದು ಕರೆಯುವುದಕ್ಕೆ ಏನು ಅರ್ಥ?

ಸಲಹಾ ಸಂಸ್ಥೆಯ ಕಲ್ಪನೆ ಕನ್ನಡಿಗರಿಗೆ ಹೊಸದಲ್ಲ. 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಇನ್ನೂ ದಿವಾನರಾಗಿರದ ಮುಖ್ಯ ಎಂಜಿನಿಯರ್ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಮೈಸೂರು ಸಂಪದಭ್ಯುದಯ ಸಮಾಜ ಶುರುವಾಯಿತು. ಶಿಕ್ಷಣ, ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಬೇರೆ ಬೇರೆ ಸಮಿತಿಗಳಿದ್ದವು. ಅಧಿಕಾರಿಗಳ ಜೊತೆಗೆ ವರ್ತಕರು, ಜಮೀನುದಾರರು, ವಿದ್ಯಾವಂತರು ಅಲ್ಲಿ ಕುಳಿತು ಚರ್ಚಿಸಿದರು. 1913ರ ಮೈಸೂರು ಬ್ಯಾಂಕಿಗೂ 1915ರ ಕನ್ನಡ ಸಾಹಿತ್ಯ ಪರಿಷತ್ತಿಗೂ ಬೀಜ ಬಿದ್ದದ್ದು ಆ ಚರ್ಚೆಗಳಲ್ಲಿ. ಅದೇ ವಿಶ್ವೇಶ್ವರಯ್ಯನವರು 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ವಾದಿಸುವ ಪುಸ್ತಕ ಬರೆದು ಪ್ರಕಟಿಸಿದರು; ಯೋಜನೆಯ ವಿಚಾರ ದೇಶದಲ್ಲಿ ಗಂಭೀರ ಚರ್ಚೆಯಾಗಲು ಆ ಪುಸ್ತಕದ ಪಾಲು ದೊಡ್ಡದು.

1950ರ ಮಾರ್ಚ್ 15ರಂದು ಹುಟ್ಟಿದ ಯೋಜನಾ ಆಯೋಗವೂ ಸಂಪುಟ ನಿರ್ಣಯದ ಕೂಸೇ. ಸಂವಿಧಾನದಲ್ಲಿ ಅದರ ಹೆಸರಿರಲಿಲ್ಲ, ಸಂಸತ್ತು ಅದಕ್ಕಾಗಿ ಕಾಯ್ದೆ ಮಾಡಿರಲಿಲ್ಲ. ಆದರೂ ಅದು ಬೆಳೆದದ್ದು ಹಣದ ಬಲದಿಂದ. 1969ರಲ್ಲಿ ಡಿ.ಆರ್. ಗಾಡ್ಗೀಳ್ ಉಪಾಧ್ಯಕ್ಷರಾಗಿದ್ದಾಗ ರಾಜ್ಯಗಳಿಗೆ ಕೇಂದ್ರದ ನೆರವು ಹಂಚಲು ಒಂದು ಸೂತ್ರ ಬಂತು. ಜನಸಂಖ್ಯೆಗೆ ಶೇ 60 ತೂಕ, ಉಳಿದದ್ದು ತಲಾ ಆದಾಯ, ತೆರಿಗೆ ಪ್ರಯತ್ನ, ನಡೆಯುತ್ತಿರುವ ದೊಡ್ಡ ನೀರಾವರಿ–ವಿದ್ಯುತ್ ಯೋಜನೆಗಳು, ರಾಜ್ಯದ ವಿಶೇಷ ಸಮಸ್ಯೆಗಳು ಇವಕ್ಕೆ ಹತ್ತು ಹತ್ತು. ಸೂತ್ರ ಇದ್ದುದರಿಂದ ರಾಜ್ಯಗಳಿಗೆ ತಮಗೆಷ್ಟು ಬರುತ್ತದೆಂಬ ಅಂದಾಜು ಇತ್ತು, ಕೇಳುವ ಹಕ್ಕೂ ಇತ್ತು. ಮುಂದಿನ ದಶಕಗಳಲ್ಲಿ ಸೂತ್ರದ ಹಣ ಕುಗ್ಗಿ, ಕೇಂದ್ರ ಸಚಿವಾಲಯಗಳು ತಮ್ಮ ಷರತ್ತಿನ ಮೇಲೆ ಕೊಡುವ ಕೇಂದ್ರ ಪುರಸ್ಕೃತ ಯೋಜನೆಗಳ ಹಣ ಹಿಗ್ಗಿತು. ದೆಹಲಿಯಲ್ಲಿ ಬರೆದ ಮಾರ್ಗಸೂಚಿ ಬೀದರಿಗೂ ಒಂದೇ, ಮಡಿಕೇರಿಗೂ ಒಂದೇ. ಯೋಜನಾ ಆಯೋಗದ ಮೇಲಿನ ಸಿಟ್ಟಿನ ಬಹುಪಾಲು ಇಲ್ಲಿಂದ ಬಂದದ್ದು.

ಆ ಸಿಟ್ಟಿಗೆ ಕರ್ನಾಟಕದಲ್ಲಿ ಗಟ್ಟಿ ದನಿ ಕೊಟ್ಟವರು ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. 1983ರ ಮಾರ್ಚ್‌ನಲ್ಲಿ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆಸಿ ಕೇಂದ್ರ–ರಾಜ್ಯ ಹಣಕಾಸು ಸಂಬಂಧದ ಪ್ರಶ್ನೆಯನ್ನು ಮುನ್ನೆಲೆಗೆ ತಂದರು. ಅದೇ ವರ್ಷ ಕೇಂದ್ರ ಸರ್ಕಾರ ಕೇಂದ್ರ–ರಾಜ್ಯ ಸಂಬಂಧಗಳ ಪರಿಶೀಲನೆಗೆ ಸರ್ಕಾರಿಯಾ ಆಯೋಗ ರಚಿಸಿತು. ಅದೇ ಹೆಗಡೆಯವರು 1989ರ ಡಿಸೆಂಬರ್‌ನಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾದರು. ಆದರೆ ಆ ಕುರ್ಚಿಯಲ್ಲಿ ಅವರು ಕುಳಿತದ್ದು ಕೆಲವೇ ತಿಂಗಳು. ರಾಜ್ಯದ ಕಣ್ಣಿನಿಂದ ಆಯೋಗವನ್ನು ಸರಿಪಡಿಸಬಲ್ಲವರೊಬ್ಬರಿಗೆ ಅವಕಾಶ ಸಿಕ್ಕೂ ಸಮಯ ಸಿಗಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ನೀತಿ ಆಯೋಗದ ರಚನೆ ಕಾಗದದ ಮೇಲೆ ಅಚ್ಚುಕಟ್ಟಾಗಿದೆ. ಪ್ರಧಾನಿ ಅಧ್ಯಕ್ಷರು. ಅವರ ಕೆಳಗೆ ಎಲ್ಲ ರಾಜ್ಯಗಳ ಮುಖ್ಯಮಂತ್ರಿಗಳು ಮತ್ತು ಕೇಂದ್ರಾಡಳಿತ ಪ್ರದೇಶಗಳ ಮುಖ್ಯಸ್ಥರು ಇರುವ ಆಡಳಿತ ಮಂಡಳಿ. ದಿನನಿತ್ಯದ ಕೆಲಸಕ್ಕೆ ಸಂಪುಟ ದರ್ಜೆಯ ಉಪಾಧ್ಯಕ್ಷರು, ರಾಜ್ಯ ಸಚಿವ ದರ್ಜೆಯ ಪೂರ್ಣಾವಧಿ ಸದಸ್ಯರು, ನಾಲ್ವರಿಗೆ ಮೀರದ ಪದನಿಮಿತ್ತ ಸಚಿವರು, ಕಾರ್ಯದರ್ಶಿ ದರ್ಜೆಯ ಸಿಇಒ. ಉಪಾಧ್ಯಕ್ಷರಾಗಿ ಮೊದಲು ಅರವಿಂದ ಪನಗಾರಿಯಾ, 2017ರಲ್ಲಿ ರಾಜೀವ್ ಕುಮಾರ್, 2022ರಲ್ಲಿ ಸುಮನ್ ಬೆರಿ ಬಂದರು. ಸದಸ್ಯರಲ್ಲಿ ಕೃಷಿ ಅರ್ಥಶಾಸ್ತ್ರಜ್ಞ ರಮೇಶ್ ಚಂದ್, ಮಕ್ಕಳ ವೈದ್ಯ ವಿ.ಕೆ. ಪಾಲ್, ಡಿಆರ್‌ಡಿಒ ಮುಖ್ಯಸ್ಥರಾಗಿದ್ದ ವಿ.ಕೆ. ಸಾರಸ್ವತ್ ಮೊದಲಾದವರು ಕೆಲಸ ಮಾಡಿದ್ದಾರೆ. ಇವರ ವಿದ್ವತ್ತನ್ನು ಯಾರೂ ಪ್ರಶ್ನಿಸಲಾರರು. ಪ್ರಶ್ನೆ ಇರುವುದು ಅವರು ನಿಂತ ನೆಲದ ಬಗ್ಗೆ: ಉಪಾಧ್ಯಕ್ಷರಿಂದ ಸಿಇಒವರೆಗೆ ಎಲ್ಲರನ್ನೂ ನೇಮಿಸುವುದು ಸರ್ಕಾರ, ಬೇಡವೆನಿಸಿದರೆ ಅವರನ್ನು ಉಳಿಸಿಕೊಳ್ಳುವ ಕಾಯ್ದೆ ಯಾವುದೂ ಇಲ್ಲ.

ಹಣದ ಅಧಿಕಾರ ಎಲ್ಲಿಗೆ ಹೋಯಿತು? ಅದು ರಾಜ್ಯಗಳಿಗೆ ಬರಲಿಲ್ಲ, ಹಣಕಾಸು ಸಚಿವಾಲಯದ ವೆಚ್ಚ ಇಲಾಖೆಗೆ ಹೋಯಿತು. ಇದೇ ಹೊತ್ತಿನಲ್ಲಿ 14ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಗಳಲ್ಲಿ ರಾಜ್ಯಗಳ ಪಾಲನ್ನು ಶೇ 32ರಿಂದ ಶೇ 42ಕ್ಕೆ ಏರಿಸಿದ್ದರಿಂದ ಯೋಜನಾ ಆಯೋಗ ಹೋದದ್ದರ ಪೆಟ್ಟು ಮೊದಮೊದಲು ತಿಳಿಯಲಿಲ್ಲ. ಕರ್ನಾಟಕಕ್ಕೆ ಅದು ತಿಳಿದದ್ದು 15ನೇ ಹಣಕಾಸು ಆಯೋಗ ಬಂದಾಗ. ಹಂಚಿಕೆಯಲ್ಲಿ ನಮ್ಮ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ನಷ್ಟ ತುಂಬಿಕೊಡಲು 2020–21ಕ್ಕೆ ₹5,495 ಕೋಟಿ ವಿಶೇಷ ಅನುದಾನ ಕೊಡಿ ಎಂದು ಅದೇ ಆಯೋಗ ಹೇಳಿದರೂ ಕೇಂದ್ರ ಹಣಕಾಸು ಸಚಿವಾಲಯ ಒಪ್ಪಲಿಲ್ಲ. ಹಿಂದಿನ ಕಾಲವಾಗಿದ್ದರೆ ಮುಖ್ಯಮಂತ್ರಿ ಯೋಜನಾ ಭವನದಲ್ಲಿ ಕುಳಿತು ಜಗಳವಾಡಬಹುದಿತ್ತು, ಒಂದಿಷ್ಟು ಹೆಚ್ಚುವರಿ ನೆರವು ಕಿತ್ತುಕೊಂಡು ಬರಬಹುದಿತ್ತು. ನೀತಿ ಆಯೋಗದಲ್ಲಿ ಆ ಜಗಳಕ್ಕೆ ಜಾಗವೇ ಇಲ್ಲ. 2024ರ ಫೆಬ್ರುವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮ ಸಚಿವರು, ಶಾಸಕರೊಂದಿಗೆ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತದ್ದನ್ನು ರಾಜಕೀಯ ಎಂದು ತಳ್ಳಿಹಾಕುವುದು ಸುಲಭ. ಮಾತನಾಡಲು ಒಳಗೆ ಕೋಣೆ ಇಲ್ಲದಾಗ ಬೀದಿಯೇ ಗತಿಯಾಗುತ್ತದೆ.

ಹಾಗೆಂದು ನೀತಿ ಆಯೋಗದಿಂದ ಒಳ್ಳೆಯದೇನೂ ಆಗಿಲ್ಲ ಎನ್ನುವುದು ತಪ್ಪು. ಶುರುವಿನ ವರ್ಷ, 2015ರಲ್ಲಿ, ಮುಖ್ಯಮಂತ್ರಿಗಳದೇ ಮೂರು ಉಪಸಮಿತಿಗಳಾದವು. ಅದರಲ್ಲೊಂದು, ಶಿವರಾಜ್ ಸಿಂಗ್ ಚೌಹಾಣ್ ಸಂಚಾಲಕರಾಗಿದ್ದದ್ದು, 66 ಕೇಂದ್ರ ಪುರಸ್ಕೃತ ಯೋಜನೆಗಳನ್ನು ಸೋಸಿ ಮೂವತ್ತರೊಳಗೆ ತರಲು ಶಿಫಾರಸು ಮಾಡಿತು. ಕೇಂದ್ರ ಅದನ್ನು ಬಹುಮಟ್ಟಿಗೆ ಒಪ್ಪಿತು. ಬೇರೆ ಬೇರೆ ಪಕ್ಷಗಳ ಮುಖ್ಯಮಂತ್ರಿಗಳು ಒಂದೇ ಮೇಜಿನ ಸುತ್ತ ಕುಳಿತು ಕೇಂದ್ರದ ಖರ್ಚಿನ ಸ್ವರೂಪವನ್ನು ತಾವೇ ಬದಲಿಸಿದ ಅಪರೂಪದ ಪ್ರಸಂಗ ಅದು. ಆಯೋಗ ಹಾಗೆಯೇ ಮುಂದುವರಿದಿದ್ದರೆ ಈ ಲೇಖನ ಬೇರೆ ರೀತಿಯದಾಗುತ್ತಿತ್ತು. ವೈದ್ಯಕೀಯ ಮಂಡಳಿಯ ಸುಧಾರಣೆ ಇನ್ನೊಂದು ಉದಾಹರಣೆ: 2016ರಲ್ಲಿ ಪನಗಾರಿಯಾ ಸಮಿತಿ ಕೊಟ್ಟ ಕರಡು ಮೂರು ವರ್ಷಗಳಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಾಯಿತು. ಪ್ರಧಾನಿಯ ಇಚ್ಛೆ ಜೊತೆಗಿದ್ದಾಗ ಆಯೋಗದ ಸಲಹೆಗೆ ರೆಕ್ಕೆ ಬರುತ್ತದೆ. ಇಚ್ಛೆ ಇಲ್ಲದಾಗ ಅದು ವೆಬ್‌ಸೈಟಿನ ಪಿಡಿಎಫ್ ಆಗಿ ಉಳಿಯುತ್ತದೆ.

ಆಯೋಗದ ಕೆಲಸ ಹಳ್ಳಿಯವರೆಗೆ ಮುಟ್ಟಿದ್ದು ಆಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮದಲ್ಲಿ. 2018ರ ಜನವರಿಯಲ್ಲಿ ಶುರುವಾದ ಇದರಲ್ಲಿ 112 ಜಿಲ್ಲೆಗಳು. ನಮ್ಮವು ಎರಡು, ರಾಯಚೂರು ಮತ್ತು ಯಾದಗಿರಿ. ಆರೋಗ್ಯ–ಪೌಷ್ಟಿಕತೆಗೆ ಶೇ 30 ತೂಕ, ಶಿಕ್ಷಣಕ್ಕೆ 30, ಕೃಷಿ ಮತ್ತು ನೀರಿಗೆ 20, ಬ್ಯಾಂಕ್ ಸೇವೆ–ಕೌಶಲಕ್ಕೆ 10, ಮೂಲಸೌಕರ್ಯಕ್ಕೆ 10. ಒಟ್ಟು 49 ಸೂಚಕಗಳು. ಪ್ರತಿ ತಿಂಗಳೂ ಹಿಂದಿನ ತಿಂಗಳಿಗಿಂತ ಎಷ್ಟು ಮೇಲೇರಿತು ಎಂಬುದರ ಮೇಲೆ ರ‍್ಯಾಂಕ್.

ಇದು ಕೆಳಗೆ ಹೇಗೆ ಇಳಿಯುತ್ತದೆ ನೋಡಬೇಕು. ಯಾದಗಿರಿಯ ಯಾವುದೋ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಗರ್ಭಿಣಿಯ ಮನೆಗೆ ಹೋಗಿ ತಾಯಿ ಕಾರ್ಡ್ ನೋಡುತ್ತಾಳೆ. ನಾಲ್ಕು ತಪಾಸಣೆ ಆಗಿದೆಯೇ, ರಕ್ತ ಪರೀಕ್ಷೆ ಆಗಿದೆಯೇ ಎಂದು ಬರೆದುಕೊಳ್ಳುತ್ತಾಳೆ. ಆ ಬರಹ ಪ್ರಾಥಮಿಕ ಆರೋಗ್ಯ ಕೇಂದ್ರದ ಡೇಟಾ ಎಂಟ್ರಿ ಆಪರೇಟರ್ ಕೈ ಸೇರಿ ಕಂಪ್ಯೂಟರ್ ಏರುತ್ತದೆ, ತಾಲ್ಲೂಕು ದಾಟಿ ಜಿಲ್ಲೆಗೆ, ಅಲ್ಲಿಂದ ದೆಹಲಿಯ ಡ್ಯಾಶ್‌ಬೋರ್ಡಿಗೆ. ತಿಂಗಳ ಕೊನೆಗೆ ಡಿಸಿ ಕಚೇರಿಯ ಸಭೆಯಲ್ಲಿ ಪ್ರಶ್ನೆ ಏಳುತ್ತದೆ: ಕಳೆದ ತಿಂಗಳಿಗಿಂತ ಇಳಿದದ್ದು ಏಕೆ? ಈ ಪ್ರಶ್ನೆಯ ಬೆಲೆಯನ್ನು ನಾನು ಕಡಿಮೆ ಮಾಡುವುದಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಸುಮಾರು ಶೇ 52, ಇಡೀ ರಾಜ್ಯದಲ್ಲೇ ಕಡಿಮೆ. ಅಂಥ ಜಿಲ್ಲೆಗೆ ಒಳ್ಳೆಯ ಅಧಿಕಾರಿಯನ್ನು ಹಾಕಬೇಕು, ತಿಂಗಳು ತಿಂಗಳು ವಿಚಾರಿಸಬೇಕು ಎಂಬ ಒತ್ತಡ ಹಿಂದೆ ಇಷ್ಟು ಇರಲಿಲ್ಲ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2021ರಲ್ಲಿ ಈ ಮಾದರಿಯನ್ನು ಮೆಚ್ಚಿಕೊಂಡಿದ್ದಕ್ಕೆ ಕಾರಣ ಇದೆ.

ಆದರೆ ರ‍್ಯಾಂಕ್ ತಿಂಗಳಿಗೊಮ್ಮೆ ಬಂದಾಗ ತಿಂಗಳಲ್ಲಿ ಬದಲಾಗುವ ಸಂಗತಿಗಳ ಕಡೆಗೇ ಆಡಳಿತ ಓಡುತ್ತದೆ. ಶೌಚಾಲಯ ಕಟ್ಟಿಸಬಹುದು, ಬ್ಯಾಂಕ್ ಖಾತೆ ತೆರೆಸಬಹುದು, ಮಣ್ಣು ಆರೋಗ್ಯ ಕಾರ್ಡ್ ಹಂಚಬಹುದು. ಬೇಸಿಗೆ ಬಂದರೆ ಕುಟುಂಬ ಸಮೇತ ಬೆಂಗಳೂರು, ಮುಂಬೈ, ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕೂಲಿಯವರ ಮಗುವಿನ ಓದು ಯಾವ ತಿಂಗಳ ಏರಿಕೆಯ ಲೆಕ್ಕದಲ್ಲೂ ಕಾಣುವುದಿಲ್ಲ. ರಾಯಚೂರಿನ ಜನ ಏಮ್ಸ್ ಬೇಕೆಂದು ವರ್ಷಗಟ್ಟಲೆ ಧರಣಿ ಕುಳಿತರು. ಆರೋಗ್ಯಕ್ಕೆ ಶೇ 30 ತೂಕ ಕೊಟ್ಟ ಆಯೋಗಕ್ಕೆ ಆ ಜಿಲ್ಲೆಗೊಂದು ಆಸ್ಪತ್ರೆ ಮಂಜೂರು ಮಾಡುವ ಅಧಿಕಾರವಿಲ್ಲ.

ಆಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೂ ಹದಿನಾರು ವರ್ಷ ಹಿಂದೆ ಕರ್ನಾಟಕ, ಯಾವ ಪ್ರದೇಶ ಎಷ್ಟು ಹಿಂದುಳಿದಿದೆ ಎಂಬ ಪ್ರಶ್ನೆಯನ್ನು ತನ್ನದೇ ರೀತಿಯಲ್ಲಿ ಕೇಳಿಕೊಂಡಿತ್ತು ಎಂಬುದನ್ನು ದೆಹಲಿಯವರು ನೆನಪಿಸಿಕೊಳ್ಳುವುದಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 35 ಸೂಚಕಗಳನ್ನು ಹಿಡಿದು ಆಗಿನ 175 ತಾಲ್ಲೂಕುಗಳನ್ನು ಅಳೆಯಿತು. 114 ಹಿಂದುಳಿದಿವೆ ಎಂದಿತು; ಅದರಲ್ಲಿ 39 ಅತ್ಯಂತ ಹಿಂದುಳಿದವು. ಎರಡು ವಿಷಯದಲ್ಲಿ ಅದು ನೀತಿ ಆಯೋಗದ ಪಟ್ಟಿಗಿಂತ ಮುಂದಿತ್ತು. ಒಂದು, ಅದು ಜಿಲ್ಲೆಯ ಸರಾಸರಿಯ ಹಿಂದೆ ಅಡಗುವ ತಾಲ್ಲೂಕನ್ನು ಹುಡುಕಿ ತೆಗೆಯಿತು. ನೀತಿ ಆಯೋಗ ಆಕಾಂಕ್ಷಿ ಬ್ಲಾಕ್‌ಗಳಿಗೆ ಇಳಿದದ್ದು 2023ರಲ್ಲಿ. ಇನ್ನೊಂದು, ಎಂಟು ವರ್ಷಕ್ಕೆ ₹31,000 ಕೋಟಿಯ ವಿಶೇಷ ಯೋಜನೆಯನ್ನು ಕೂಡ ಹಾಕಿಕೊಟ್ಟಿತು, ಅಂದರೆ ರೋಗದ ಜೊತೆಗೆ ಔಷಧದ ಬೆಲೆಯನ್ನೂ ಬರೆಯಿತು. ಆ ಹಣ ಖರ್ಚಾದ ಬಗೆಯಲ್ಲಿ ಕೊರತೆಗಳಿದ್ದವು, ಅದಕ್ಕೇ ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಮಾಡಬೇಕಾಯಿತು. ಆದರೂ ಹಣದ ಮಾತಿಲ್ಲದೆ ಹಿಂದುಳಿದಿರುವಿಕೆಯ ಮಾತು ಆಡಬಾರದು ಎಂಬ ಪಾಠ ನಂಜುಂಡಪ್ಪನವರದು.

ಇನ್ನು ಸೂಚ್ಯಂಕಗಳು. ಆರೋಗ್ಯ, ಶಾಲಾ ಶಿಕ್ಷಣ, ಸುಸ್ಥಿರ ಅಭಿವೃದ್ಧಿ, ನಾವೀನ್ಯ ಹೀಗೆ ಆಯೋಗದಿಂದ ಸಾಲು ಸಾಲಾಗಿ ಬಂದಿವೆ. ನಾವೀನ್ಯ ಸೂಚ್ಯಂಕದ ಮೊದಲ ಮೂರು ಆವೃತ್ತಿಗಳಲ್ಲೂ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕವೇ ಮೊದಲು. ಹೆಮ್ಮೆಪಡೋಣ. ಆದರೆ ಸೂಚ್ಯಂಕವೊಂದು ಎಷ್ಟು ದೂರ ದಾರಿ ತಪ್ಪಿಸಬಲ್ಲದು ಎಂಬುದಕ್ಕೂ ಬೆಂಗಳೂರೇ ಸಾಕ್ಷಿ. 2018ರ ಜೂನ್‌ನಲ್ಲಿ ಬಂದ ಜಲ ನಿರ್ವಹಣಾ ಸೂಚ್ಯಂಕದ ವರದಿ, 2020ರ ಹೊತ್ತಿಗೆ ಬೆಂಗಳೂರು, ದೆಹಲಿ, ಚೆನ್ನೈ, ಹೈದರಾಬಾದ್ ಸೇರಿ 21 ನಗರಗಳಲ್ಲಿ ಅಂತರ್ಜಲ ಬರಿದಾಗುತ್ತದೆ ಎಂದು ಹೇಳಿತು. ಜಗತ್ತಿನ ಪತ್ರಿಕೆಗಳೆಲ್ಲ ಆ ವಾಕ್ಯವನ್ನು ಅಚ್ಚು ಹಾಕಿದವು. ಅದರ ಮೂಲ ಹುಡುಕಿಕೊಂಡು ಹೋದ ಪತ್ರಕರ್ತರಿಗೆ ಅಂಥ ಗಟ್ಟಿ ಅಧ್ಯಯನವೇ ಸಿಗಲಿಲ್ಲ. 2020 ಬಂತು, ಹೋಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿ, ಟ್ಯಾಂಕರ್‌ಗಾಗಿ ಜನ ಪರದಾಡಿದಾಗ ಬೇಕಿದ್ದದ್ದು ಯಾವ ವಾರ್ಡಿನಲ್ಲಿ ನೀರು ಎಷ್ಟು ಆಳಕ್ಕೆ ಇಳಿದಿದೆ, ಯಾವ ಕೆರೆ ತುಂಬಿಸಿದರೆ ಎಲ್ಲಿ ಏರುತ್ತದೆ ಎಂಬ ನಂಬಬಹುದಾದ ಲೆಕ್ಕ. ದೇಶದ ಅತ್ಯುನ್ನತ ಸಲಹಾ ಸಂಸ್ಥೆ ಒಂದು ಅಂಕಿಯನ್ನು ಬರೆಯುವಾಗ ಅದರ ಹಿಂದಿನ ಲೆಕ್ಕವನ್ನೂ ಜನರ ಮುಂದಿಡಬೇಕು. ಎಚ್ಚರಿಕೆ ಒಮ್ಮೆ ಸುಳ್ಳಾದರೆ ನಿಜವಾದ ಎಚ್ಚರಿಕೆಯನ್ನೂ ಜನ ನಂಬುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು, ರಾಜಕೀಯವಾಗಿ ಸೂಕ್ಷ್ಮವಾದ ಅಂಕಿಅಂಶ ಬಂದಾಗ ಆಯೋಗ ನಡೆದುಕೊಂಡ ರೀತಿ. 2018ರ ನವೆಂಬರ್‌ನಲ್ಲಿ ಹಿಂದಿನ ವರ್ಷಗಳ ಜಿಡಿಪಿಯ ಮರುಲೆಕ್ಕ ಪ್ರಕಟವಾಯಿತು. 2010–11ರ ಬೆಳವಣಿಗೆ ದರ ಶೇ 10.3ರಿಂದ ಶೇ 8.5ಕ್ಕೆ ಇಳಿಯಿತು. ಲೆಕ್ಕ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಅಂಕಿಅಂಶ ಕಚೇರಿ ಪ್ರಕಟಿಸಬೇಕಾದ್ದನ್ನು ನೀತಿ ಆಯೋಗದ ಉಪಾಧ್ಯಕ್ಷರು ಜೊತೆಗೆ ಕುಳಿತು ಪ್ರಕಟಿಸಿದ್ದು ಏಕೆ ಎಂದು ದೇಶದ ಹಿರಿಯ ಸಂಖ್ಯಾಶಾಸ್ತ್ರಜ್ಞರು ಕೇಳಿದರು. ಎರಡು ತಿಂಗಳಲ್ಲಿ, 2019ರ ಜನವರಿಯಲ್ಲಿ, ನಿರುದ್ಯೋಗ ಶೇ 6.1ಕ್ಕೆ ಏರಿದೆ ಎಂಬ ಸಮೀಕ್ಷೆ ಸೋರಿಕೆಯಾಯಿತು. ವರದಿ ಹೊರಬರಲಿಲ್ಲವೆಂದು ಬೇಸತ್ತು ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು, ಪಿ.ಸಿ. ಮೋಹನನ್ ಮತ್ತು ಜೆ.ವಿ. ಮೀನಾಕ್ಷಿ, ರಾಜೀನಾಮೆ ಕೊಟ್ಟರು. ಆಗ ಪತ್ರಿಕಾಗೋಷ್ಠಿ ಕರೆದು, ಅದು ಕರಡು, ಪರಿಶೀಲನೆಯಾಗಿಲ್ಲ ಎಂದವರು ನೀತಿ ಆಯೋಗದವರು. ಚುನಾವಣೆ ಮುಗಿದು ಮೇ 31ರಂದು ವರದಿ ಬಂತು. ಅದರಲ್ಲಿದ್ದದ್ದೂ ಶೇ 6.1.

ಬಡತನದ ಲೆಕ್ಕದಲ್ಲೂ ಇದೇ ಮರುಕಳಿಸಿತು. ಆಯೋಗದ ಬಹುಆಯಾಮದ ಬಡತನ ಸೂಚ್ಯಂಕ ನಿಜಕ್ಕೂ ಉಪಯುಕ್ತ ಕೆಲಸ. ಆರೋಗ್ಯ, ಶಿಕ್ಷಣ, ಜೀವನಮಟ್ಟದ 12 ಸೂಚಕಗಳು, ಜಿಲ್ಲಾವಾರು ಅಂಕಿ. ಕುಟುಂಬ ಆರೋಗ್ಯ ಸಮೀಕ್ಷೆಗಳ ಆಧಾರದ ಮೇಲೆ 2015–16ರಲ್ಲಿ ಶೇ 24.85 ಇದ್ದ ಬಡವರ ಪ್ರಮಾಣ 2019–21ರಲ್ಲಿ ಶೇ 14.96ಕ್ಕೆ ಇಳಿದಿದೆ ಎಂದು 2023ರ ವರದಿ ಹೇಳಿತು. ಕರ್ನಾಟಕದಲ್ಲಿ ಅದು ಶೇ 12.77ರಿಂದ 7.58. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. 2024ರ ಜನವರಿಯಲ್ಲಿ, ಲೋಕಸಭಾ ಚುನಾವಣೆ ಹೊಸ್ತಿಲಲ್ಲಿದ್ದಾಗ, ಆಯೋಗದಿಂದ ಇನ್ನೊಂದು ಚರ್ಚಾಪತ್ರ ಬಂತು: 2013–14ರಿಂದ 2022–23ರ ನಡುವೆ 24.82 ಕೋಟಿ ಜನ ಬಡತನದಿಂದ ಹೊರಬಂದಿದ್ದಾರೆ ಎಂದು. ಆ ಎರಡೂ ವರ್ಷಗಳಲ್ಲಿ ಆ ಸಮೀಕ್ಷೆ ನಡೆದೇ ಇಲ್ಲ. ನಡೆದ ವರ್ಷಗಳ ಇಳಿಕೆಯ ವೇಗವನ್ನೇ ಹಿಂದಕ್ಕೂ ಮುಂದಕ್ಕೂ ಎಳೆದು ಕಟ್ಟಿದ ಅಂದಾಜು ಅದು. ಕೋವಿಡ್ ಕಾಲದಲ್ಲಿ ಕೂಲಿ ಕಳೆದುಕೊಂಡು ಊರಿಗೆ ನಡೆದು ಹೋದವರ ಬದುಕು ಆ ನೇರ ಗೆರೆಯಲ್ಲಿ ಇಲ್ಲ. ಬಡತನ ಇಳಿದಿರುವುದು ನಿಜ. ಅದನ್ನು ಹೇಳಲು ಅಂದಾಜಿಗೆ ಅಂಕಿಯ ವೇಷ ಹಾಕಬೇಕಿರಲಿಲ್ಲ.

ಆಡಳಿತ ಮಂಡಳಿಯ ಕಥೆಯನ್ನು ಚಿಕ್ಕದಾಗಿ ಹೇಳಬಹುದು. 2015ರ ಫೆಬ್ರುವರಿ 8ರಿಂದ 2025ರ ಮೇ 24ರವರೆಗೆ ಹತ್ತು ಸಭೆಗಳು ನಡೆದಿವೆ. 2016 ಮತ್ತು 2020ರಲ್ಲಿ ಸಭೆಯೇ ಇಲ್ಲ. ದಿನವೊಂದರಲ್ಲಿ ಮೂವತ್ತಕ್ಕೂ ಹೆಚ್ಚು ಮುಖ್ಯಸ್ಥರು ಕೆಲವೇ ನಿಮಿಷಗಳಂತೆ ಓದಿ ಒಪ್ಪಿಸುವ ಭಾಷಣಗಳಲ್ಲಿ ಚರ್ಚೆಗೆ ಸ್ಥಳವೆಲ್ಲಿ? 2024ರ ಜುಲೈ 27ರ ಸಭೆಗೆ ಸಿದ್ದರಾಮಯ್ಯ ಸೇರಿ ಹಲವು ವಿರೋಧ ಪಕ್ಷಗಳ ಮುಖ್ಯಮಂತ್ರಿಗಳು ಹೋಗಲಿಲ್ಲ. ಹೋದ ಮಮತಾ ಬ್ಯಾನರ್ಜಿ ತಮ್ಮ ಮೈಕ್ ಬಂದ್ ಮಾಡಿದರೆಂದು ಹೊರನಡೆದರು. ಕೇಂದ್ರ ಅದನ್ನು ಅಲ್ಲಗಳೆಯಿತು. ಸಂವಿಧಾನದ 263ನೇ ವಿಧಿಯಡಿ ಇರುವ ಅಂತರರಾಜ್ಯ ಮಂಡಳಿಯೂ 2016ರ ಜುಲೈ ಸಭೆಯ ನಂತರ ವರ್ಷಗಟ್ಟಲೆ ಸೇರಲಿಲ್ಲ. ಬಹಿಷ್ಕಾರದಿಂದ ರಾಜ್ಯಗಳಿಗೇ ನಷ್ಟ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಹೋಗಬೇಕು, ಹೇಳಬೇಕು, ಹೇಳಿದ್ದು ದಾಖಲಾಗಬೇಕು. ಆದರೆ ದಾಖಲಾದದ್ದಕ್ಕೆ ಉತ್ತರ ಕೊಡುವ ಹೊಣೆ ಯಾರದು ಎಂದು ನೀತಿ ಆಯೋಗದ ನಿರ್ಣಯದಲ್ಲಿ ಎಲ್ಲೂ ಬರೆದಿಲ್ಲ.

ಸರ್ಕಾರದ ಹಣದಲ್ಲೇ ನಡೆದು ಸರ್ಕಾರದ ಹಂಗಿಲ್ಲದೆ ಮಾತಾಡುವ ಸಂಸ್ಥೆ ಸಾಧ್ಯವೇ ಎಂದು ಅನುಮಾನಪಡುವವರು ನೆದರ್ಲೆಂಡ್ಸ್ ಕಡೆ ನೋಡಬೇಕು. ಅಲ್ಲಿನ ಯೋಜನಾ ಸಂಸ್ಥೆ ಸಿಪಿಬಿ 1945ರಲ್ಲಿ ಶುರುವಾಯಿತು. ಮೊದಲ ನಿರ್ದೇಶಕ ಯಾನ್ ಟಿನ್‌ಬರ್ಗನ್, ಮುಂದೆ ಅರ್ಥಶಾಸ್ತ್ರದ ಮೊಟ್ಟಮೊದಲ ನೊಬೆಲ್ ಹಂಚಿಕೊಂಡವರು. ಸಚಿವಾಲಯವೊಂದರ ಅಡಿಯಲ್ಲಿದ್ದರೂ ಅದರ ಲೆಕ್ಕದಲ್ಲಿ ಸಚಿವರು ಕೈಯಾಡಿಸುವಂತಿಲ್ಲ. 1986ರಿಂದ ಚುನಾವಣೆಗೆ ಮೊದಲು ಪಕ್ಷಗಳು ತಮ್ಮ ಪ್ರಣಾಳಿಕೆಯನ್ನು ತಾವಾಗಿಯೇ ಅದರ ಕೈಗೆ ಕೊಡುತ್ತ ಬಂದಿವೆ. ಯಾವ ಭರವಸೆಗೆ ಎಷ್ಟು ಖರ್ಚು, ಯಾರ ಆದಾಯ ಏರುತ್ತದೆ, ಯಾರದು ಇಳಿಯುತ್ತದೆ ಎಂದು ಅದು ಎಲ್ಲ ಪಕ್ಷಗಳಿಗೂ ಒಂದೇ ತಕ್ಕಡಿ ಹಿಡಿಯುತ್ತದೆ. ಗ್ಯಾರಂಟಿ ಯೋಜನೆಗಳ ಖರ್ಚಿನ ಬಗ್ಗೆ ಕರ್ನಾಟಕದಲ್ಲಿ 2023ರಿಂದ ನಡೆದ ವಾಗ್ವಾದದಲ್ಲಿ ಆಡಳಿತ ಪಕ್ಷವೂ ವಿರೋಧ ಪಕ್ಷವೂ ನಂಬುವ ಒಂದೇ ಒಂದು ಲೆಕ್ಕ ಇದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು!

ನೀತಿ ಆಯೋಗವನ್ನು ಮುಚ್ಚಿ ಯೋಜನಾ ಆಯೋಗವನ್ನು ಮರಳಿ ತರಬೇಕು ಎನ್ನುವವರ ಜೊತೆ ನಾನಿಲ್ಲ. ಆ ಕಾಲ ಮುಗಿದಿದೆ, ಮುಗಿದದ್ದು ಒಳ್ಳೆಯದೇ. ಅರ್ಥಶಾಸ್ತ್ರಜ್ಞ ವಿಜಯ್ ಕೇಳ್ಕರ್ 2019ರಲ್ಲಿ ಇಟ್ಟ ಸಲಹೆ ಹೆಚ್ಚು ಸಮಂಜಸ: ಪ್ರಾದೇಶಿಕ ಅಸಮತೋಲನ ನೀಗಿಸಲು ಆಯೋಗದ ಕೈಗೆ ಜಿಡಿಪಿಯ ಶೇ 1.5ರಿಂದ 2ರಷ್ಟು ಅಭಿವೃದ್ಧಿ ಅನುದಾನ ಕೊಡಬೇಕು. ಹಣಕಾಸು ಆಯೋಗ ಐದು ವರ್ಷಕ್ಕೊಮ್ಮೆ ಬಂದು ಹೋಗುತ್ತದೆ, ಹಣಕಾಸು ಸಚಿವಾಲಯ ಬಜೆಟ್ ಕೊರತೆಯ ಚಿಂತೆಯಲ್ಲಿರುತ್ತದೆ. ಯಾದಗಿರಿಯ ಬಗ್ಗೆ ಹದಿನೈದು ವರ್ಷದ ಯೋಚನೆ ಮಾಡಲು ಬೇರೊಂದು ಮನೆ ಬೇಕು. ಆದರೆ ಆ ಹಣ ಸೂತ್ರದ ಮೇಲೆಯೇ ಹೋಗಬೇಕು, ಸೂತ್ರವನ್ನು ರಾಜ್ಯಗಳು ಸೇರಿ ಒಪ್ಪಬೇಕು. ಇಲ್ಲದಿದ್ದರೆ ಯೋಜನಾ ಭವನದ ಹಳೆಯ ದಿನಗಳೇ ಮರಳುತ್ತವೆ.

ಅದಕ್ಕೂ ಮೊದಲು, ಇವತ್ತೇ ಮಾಡಬಹುದಾದದ್ದು ಮೌಲ್ಯಮಾಪನದ ಕೆಲಸಕ್ಕೆ ಸ್ವಾತಂತ್ರ್ಯ. 1952ರಲ್ಲಿ ಶುರುವಾದ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆಯನ್ನೂ ಸ್ವತಂತ್ರ ಮೌಲ್ಯಮಾಪನ ಕಚೇರಿಯನ್ನೂ ಕೂಡಿಸಿ 2015ರ ಸೆಪ್ಟೆಂಬರ್‌ನಲ್ಲಿ ಆಯೋಗದೊಳಗೆ ಒಂದು ಮೌಲ್ಯಮಾಪನ ಕಚೇರಿ ಮಾಡಿದರು. ‘ಸ್ವತಂತ್ರ’ ಎಂಬ ಪದ ಆಗ ಬೋರ್ಡಿನಿಂದ ಹೋಯಿತು. ಕೇಂದ್ರದ ಯೋಜನೆಗಳು ನೆಲದ ಮೇಲೆ ಹೇಗೆ ನಡೆಯುತ್ತಿವೆ ಎಂದು ಅಳೆಯುವವರು ಅದೇ ಯೋಜನೆಗಳ ಪ್ರಚಾರಕ್ಕೆ ನಿಲ್ಲುವ ಸಂಸ್ಥೆಯ ಸಿಬ್ಬಂದಿ ಆಗಿರಬಾರದು. ಕರ್ನಾಟಕದಲ್ಲಿ 2011ರಿಂದ ಮೌಲ್ಯಮಾಪನ ಪ್ರಾಧಿಕಾರವೆಂಬ ಪ್ರತ್ಯೇಕ ಸಂಸ್ಥೆಯೇ ಇದೆ. ಇಲಾಖೆಗಳ ಯೋಜನೆಗಳನ್ನು ಹೊರಗಿನ ತಜ್ಞರಿಂದ ಪರೀಕ್ಷೆ ಮಾಡಿಸುವ ಪದ್ಧತಿಯನ್ನು ಅದು ಬೆಳೆಸಿದೆ. ಮಹಾಲೇಖಪಾಲರ ವರದಿಗಳು 151ನೇ ವಿಧಿಯ ಪ್ರಕಾರ ಸಂಸತ್ತಿನ ಮೇಜಿಗೆ ಬರುವಂತೆ, ನೀತಿ ಆಯೋಗದ ಮೌಲ್ಯಮಾಪನ ವರದಿಗಳೂ ಅವುಗಳ ಕಚ್ಚಾ ದತ್ತಾಂಶದೊಂದಿಗೆ ಸಂಸತ್ತಿಗೂ ಸಂಬಂಧಪಟ್ಟ ರಾಜ್ಯಗಳ ವಿಧಾನಮಂಡಲಗಳಿಗೂ ಬರುವಂತೆ ಕಾಯ್ದೆ ಮಾಡಲು ಸಂವಿಧಾನ ತಿದ್ದುಪಡಿ ಬೇಕಿಲ್ಲ, ಸರಳ ಬಹುಮತದ ಒಂದು ಮಸೂದೆ ಸಾಕು.